ದೂರದ ಕಂಪ್ಯೂಟರನ್ನು ಊರಿನಿಂದಲೇ ನಡೆಸುವುದು: ಎಸ್‌ಎಸ್‌ಎಚ್ ಕುರಿತು ಸದಸ್ಯರಿಗೆ ಮಾಹಿತಿ



ನಮ್ಮ ಸಂಘದ ಈ ಪುಟ, ಸದಸ್ಯತ್ವದ ಪಟ್ಟಿ, ಕಾರ್ಯಕ್ರಮಗಳ ಫೋಟೋಗಳು, ಗಡಿಭಾಗದ ಕನ್ನಡ ಶಾಲೆಗಳ ಹಳೆಯ ದಾಖಲೆಗಳ ಸ್ಕ್ಯಾನ್ ಪ್ರತಿಗಳು, ಇವೆಲ್ಲವೂ ಮುಂಬೈಯ ಒಂದು ಡೇಟಾ ಸೆಂಟರಿನಲ್ಲಿ ಬಾಡಿಗೆಗೆ ಪಡೆದ ಸರ್ವರಿನಲ್ಲಿವೆ. ನಮ್ಮಲ್ಲಿ ಯಾರೂ ಆ ಯಂತ್ರವನ್ನು ಕಣ್ಣಿನಿಂದ ನೋಡಿಲ್ಲ, ನೋಡುವ ಅಗತ್ಯವೂ ಬಿದ್ದಿಲ್ಲ. ಅದರ ಕೆಲಸವೆಲ್ಲ ಹಿಂದೂಪುರ ಮತ್ತು ಕಲ್ಯಾಣದುರ್ಗದ ಮನೆಗಳಿಂದಲೇ ನಡೆಯುತ್ತಿದೆ. ಹೇಗೆ ನಡೆಯುತ್ತಿದೆ, ಯಾರು ನಡೆಸುತ್ತಿದ್ದಾರೆ, ನಾಳೆ ಅವರಿಲ್ಲದಿದ್ದರೆ ಯಾರು ಎಂದು ವಾರ್ಷಿಕ ಸಭೆಯಲ್ಲಿ ಹಲವು ಹಿರಿಯರು ಕೇಳಿದ್ದರು. ಕೇಳಿದ್ದು ಸರಿಯೇ. ಶಾಲಾ ದಾಖಲೆಗಳ ಪೈಕಿ ಕೆಲವುದರ ಮೂಲ ಕಾಗದಕ್ಕೆ ಗೆದ್ದಲು ಹಿಡಿದು ಹೋಗಿದೆ. ಅವುಗಳ ಮಟ್ಟಿಗೆ ಸರ್ವರಿನಲ್ಲಿರುವ ಪ್ರತಿಯೇ ಈಗ ಮೂಲ. ಆದ್ದರಿಂದ ಈ ಲೇಖನ ಸ್ವಲ್ಪ ಉದ್ದವಾಗಿದೆ. ಕಂಪ್ಯೂಟರ್ ತಿಳಿದ ಯುವಕರಿಗೆ ಮಾತ್ರವಲ್ಲ, ನಮ್ಮಂತೆ ಕಚೇರಿಯಲ್ಲಿ ಕಡತ ತಿರುವಿ ನಿವೃತ್ತರಾದವರಿಗೂ ಅರ್ಥವಾಗಲಿ ಎಂದು ಬರೆದಿದ್ದೇವೆ.

ಎಸ್‌ಎಸ್‌ಎಚ್ ಎಂದರೇನು

‘ಸೆಕ್ಯೂರ್ ಶೆಲ್’ ಎಂಬುದರ ಸಂಕ್ಷೇಪವೇ ಎಸ್‌ಎಸ್‌ಎಚ್. ‘ಶೆಲ್’ ಎಂದರೆ ಕಂಪ್ಯೂಟರಿಗೆ ಬರಹದಲ್ಲಿ ಆದೇಶ ಕೊಡುವ ಕಿಟಕಿ. ಸಿನಿಮಾದಲ್ಲಿ ತೋರಿಸುತ್ತಾರಲ್ಲ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ, ಅದು. ಮೌಸ್ ಇಲ್ಲ, ಚಿತ್ರ ಇಲ್ಲ. ಒಂದು ಸಾಲು ಬರೆದು ಎಂಟರ್ ಒತ್ತಿದರೆ ಯಂತ್ರ ಕೆಲಸ ಮಾಡಿ ಒಂದೋ ಹತ್ತೋ ಸಾಲಿನಲ್ಲಿ ಉತ್ತರ ಕೊಡುತ್ತದೆ. ಈ ಕಿಟಕಿಯನ್ನು ನೂರಾರು ಮೈಲಿ ದೂರದ ಯಂತ್ರದಿಂದ ನಮ್ಮ ಪರದೆಯವರೆಗೆ, ನಡುವೆ ಯಾರಿಗೂ ಓದಲಾಗದಂತೆ ಎಳೆದು ತರುವುದೇ ಎಸ್‌ಎಸ್‌ಎಚ್ ಕೆಲಸ.

ಬರೀ ಅಕ್ಷರ ಎಂದು ಹಗುರ ಮಾಡಬೇಡಿ. ನಮ್ಮ ಕಡೆಗೆ ಇದೇ ಅನುಕೂಲ. ದೂರದ ಯಂತ್ರದ ಪೂರ್ತಿ ಪರದೆಯನ್ನು ಚಿತ್ರವಾಗಿ ತರಿಸಿಕೊಳ್ಳುವ ವಿಧಾನಗಳೂ ಇವೆ, ಆದರೆ ಅವಕ್ಕೆ ಒಳ್ಳೆಯ ನೆಟ್‌ವರ್ಕ್ ಬೇಕು. ಅಕ್ಷರಗಳಿಗೆ ಬೇಕಾಗುವುದು ಅತ್ಯಲ್ಪ. ಮೊಬೈಲಿನಲ್ಲಿ ವಿಡಿಯೋ ಓಡದ, ಫೋಟೋ ತೆರೆಯಲು ಚಕ್ರ ತಿರುಗುತ್ತಲೇ ಇರುವ ಹಳ್ಳಿಯಲ್ಲೂ ಎಸ್‌ಎಸ್‌ಎಚ್ ನಡೆಯುತ್ತದೆ. ಕಲ್ಯಾಣದುರ್ಗದ ನಮ್ಮ ಸದಸ್ಯೆಯೊಬ್ಬರು ತೋಟದ ಪಂಪ್‌ಸೆಟ್ ಮನೆಯಲ್ಲಿ ಕುಳಿತು ಫೋನಿನಿಂದಲೇ ಈ ಪುಟದ ಸೂಚನೆ ಬದಲಿಸಿದ್ದುಂಟು.

ಯಂತ್ರವನ್ನು ಊರಿನಲ್ಲೇ ಇಟ್ಟುಕೊಳ್ಳಬಾರದೇ ಎಂದು ಕೆಲವರು ಕೇಳುತ್ತಾರೆ. ಇಡಬಹುದು. ಆದರೆ ಕರೆಂಟು ಹೋದಾಗಲೆಲ್ಲ ಪುಟ ನಿಂತುಹೋಗುತ್ತದೆ. ಅಲ್ಲದೆ ಮನೆಯ ಇಂಟರ್‌ನೆಟ್ ಸಂಪರ್ಕಕ್ಕೆ ಸಾಮಾನ್ಯವಾಗಿ ಸ್ವಂತ ಸಾರ್ವಜನಿಕ ವಿಳಾಸ ಇರುವುದಿಲ್ಲ, ಹತ್ತಾರು ಗ್ರಾಹಕರು ಒಂದೇ ವಿಳಾಸ ಹಂಚಿಕೊಂಡಿರುತ್ತಾರೆ. ಹೊರಗಿನವರು ಬಾಗಿಲು ತಟ್ಟಲು ಮನೆ ನಂಬರೇ ಇಲ್ಲದಂತೆ. ತಿಂಗಳಿಗೆ ಕೆಲವು ನೂರು ರೂಪಾಯಿ ಬಾಡಿಗೆ ಕೊಟ್ಟರೆ ಈ ತಾಪತ್ರಯ ಇಲ್ಲ.

ಇದು ಹುಟ್ಟಿದ ಬಗೆ

ದೂರದ ಕಂಪ್ಯೂಟರಿನೊಳಗೆ ಹೋಗಿ ಕೆಲಸ ಮಾಡುವುದು ಹೊಸ ವಿಷಯವಲ್ಲ. 1969ರಲ್ಲೇ ‘ಟೆಲ್‌ನೆಟ್’ ಎಂಬ ಪದ್ಧತಿ ಶುರುವಾಯಿತು. ಅದರಲ್ಲಿ ಒಂದೇ ದೋಷ, ಆದರೆ ದೊಡ್ಡ ದೋಷ. ಬರೆದದ್ದೆಲ್ಲ ಪೋಸ್ಟ್ ಕಾರ್ಡಿನಂತೆ ತೆರೆದೇ ಹೋಗುತ್ತಿತ್ತು, ಪಾಸ್‌ವರ್ಡ್ ಕೂಡ. ದಾರಿಯಲ್ಲಿ ಕೈಯಿಟ್ಟವರೆಲ್ಲ ಓದಬಹುದು. ವಿಶ್ವವಿದ್ಯಾಲಯಗಳಲ್ಲಿ ಒಬ್ಬರನ್ನೊಬ್ಬರು ಬಲ್ಲವರೇ ಬಳಸುತ್ತಿದ್ದ ಕಾಲಕ್ಕೆ ಅದು ನಡೆಯಿತು.

1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡುಗಳನ್ನು ಕದ್ದು ಬರೆದಿಟ್ಟುಕೊಳ್ಳುವ ಒಂದು ಪ್ರೋಗ್ರಾಂ ಪತ್ತೆಯಾಯಿತು. ಸಾವಿರಾರು ಜನರ ಹೆಸರು, ಪಾಸ್‌ವರ್ಡು ಅದರ ಕೈಗೆ ಸಿಕ್ಕಿದ್ದವು. ಅಲ್ಲಿ ಸಂಶೋಧಕರಾಗಿದ್ದ ತಾತು ಯ್ಲೋನೆನ್ ಅವರು ಇದಕ್ಕೆ ಪರಿಹಾರವಾಗಿ ಎಸ್‌ಎಸ್‌ಎಚ್ ಬರೆದು, ಅದೇ ವರ್ಷ ಜುಲೈನಲ್ಲಿ ಎಲ್ಲರಿಗೂ ಉಚಿತವಾಗಿ ಹಂಚಿದರು. ವರ್ಷದ ಕೊನೆಯ ವೇಳೆಗೆ 50 ದೇಶಗಳಲ್ಲಿ ಸುಮಾರು 20,000 ಜನ ಅದನ್ನು ಬಳಸುತ್ತಿದ್ದರು.

ಇಂಟರ್‌ನೆಟ್ಟಿನಲ್ಲಿ ಪ್ರತಿ ಸೇವೆಗೂ ಒಂದು ‘ಪೋರ್ಟ್’ ಸಂಖ್ಯೆ ಇರುತ್ತದೆ, ಕಚೇರಿಯ ಕೌಂಟರ್ ನಂಬರಿನಂತೆ. ಕಡತ ಕಳಿಸುವ ಎಫ್‌ಟಿಪಿಗೆ 21, ಟೆಲ್‌ನೆಟ್‌ಗೆ 23. ನಡುವಿನ 22 ಖಾಲಿ ಇತ್ತು. ಯ್ಲೋನೆನ್ ಸಂಖ್ಯೆ ಹಂಚುವ ಸಂಸ್ಥೆಗೆ ಒಂದು ಇ-ಮೇಲ್ ಬರೆದು 22 ಕೊಡಿ ಎಂದು ಕೇಳಿದರು. ಮರುದಿನವೇ ಕೊಟ್ಟರು. ಇನ್‌ವರ್ಡ್ ನಂಬರ್ ಬೀಳಲೇ ವಾರ ಕಾಯ್ದ ನಮ್ಮಂಥವರಿಗೆ ಇದು ನಂಬಲಾಗದ ಸಂಗತಿ! ಇಂದಿಗೂ ಎಸ್‌ಎಸ್‌ಎಚ್ ಬಾಗಿಲು 22ನೇ ಸಂಖ್ಯೆಯೇ.

ಮುಂದೆ ಆ ಮೂಲ ಪ್ರೋಗ್ರಾಂ ವ್ಯಾಪಾರಿ ಕಂಪನಿಯ ಸೊತ್ತಾಯಿತು. ಆಗ ‘ಓಪನ್‌ಬಿಎಸ್‌ಡಿ’ ಎಂಬ ಯೋಜನೆಯ ಸ್ವಯಂಸೇವಕರು ಹಳೆಯ ಉಚಿತ ಆವೃತ್ತಿಯಿಂದ ‘ಓಪನ್‌ಎಸ್‌ಎಸ್‌ಎಚ್’ ಕಟ್ಟಿ 1999ರಲ್ಲಿ ಹೊರತಂದರು. ನಮ್ಮ ಸರ್ವರಿನಲ್ಲಿರುವುದೂ ಅದೇ. ವಿಂಡೋಸ್ 10ರಲ್ಲಿ 2018ರಿಂದ ಅದು ಸೇರಿಕೊಂಡೇ ಬರುತ್ತಿದೆ, ಆದ್ದರಿಂದ ಈಗಿನ ಲ್ಯಾಪ್‌ಟಾಪುಗಳಲ್ಲಿ ಬೇರೆ ಏನೂ ಹಾಕಬೇಕಿಲ್ಲ. ಹಳೆಯ ಕಂಪ್ಯೂಟರಿದ್ದವರು ‘ಪುಟ್ಟಿ’ ಎಂಬ ಸಣ್ಣ ಉಚಿತ ಪ್ರೋಗ್ರಾಂ ಬಳಸಬಹುದು. ಆಂಡ್ರಾಯ್ಡ್ ಫೋನಿಗೆ ‘ಟರ್ಮಕ್ಸ್’ ಇದೆ.

ಬೀಗ, ಬೀಗದ ಕೈ, ಮಾದರಿ ಸಹಿ

ಎಸ್‌ಎಸ್‌ಎಚ್ ಒಳಗೆ ಹೋಗಲು ಪಾಸ್‌ವರ್ಡ್ ಬಳಸಬಹುದು, ಆದರೆ ನಮ್ಮ ಸರ್ವರಿನಲ್ಲಿ ಪಾಸ್‌ವರ್ಡ್ ಪದ್ಧತಿಯನ್ನು ಮುಚ್ಚಿದ್ದೇವೆ. ಅದರ ಬದಲು ಜೋಡಿ ಕೀಲಿಗಳ ಪದ್ಧತಿ. ಇಲ್ಲಿ ಒಂದು ಮಾತು: ನಾವು ‘ಬೀಗದ ಕೈ’ ಅನ್ನುತ್ತೇವೆ, ತೆಲುಗಿನವರು ‘ತಾಳಂ ಚೆವಿ’ ಅನ್ನುತ್ತಾರೆ. ಒಂದೇ ವಸ್ತುವಿಗೆ ಕನ್ನಡದಲ್ಲಿ ಕೈ, ತೆಲುಗಿನಲ್ಲಿ ಕಿವಿ. ಬಳ್ಳಾರಿ ಕಡೆಯ ನೆಂಟರಿಗೆ ‘ಕೀಲಿ’ ಎಂದರೆ ಬೀಗವೇ. ಗೊಂದಲ ಬೇಡವೆಂದು ಈ ಲೇಖನದಲ್ಲಿ ಗುಟ್ಟಾಗಿ ಇಟ್ಟುಕೊಳ್ಳುವುದನ್ನು ‘ಬೀಗದ ಕೈ’ ಎಂದೂ, ಎಲ್ಲರಿಗೂ ಕೊಡಬಹುದಾದುದನ್ನು ‘ಬೀಗ’ ಎಂದೂ ಕರೆದಿದ್ದೇವೆ.

ಇವೆರಡೂ ವಾಸ್ತವವಾಗಿ ಎರಡು ಸಣ್ಣ ಕಡತಗಳು. ನಮ್ಮ ಕಂಪ್ಯೂಟರಿನಲ್ಲೇ ಒಟ್ಟಿಗೆ ಹುಟ್ಟುತ್ತವೆ. ಬೀಗವನ್ನು ಸರ್ವರಿಗೆ ಕೊಡುತ್ತೇವೆ, ಬೀಗದ ಕೈ ನಮ್ಮಲ್ಲೇ ಉಳಿಯುತ್ತದೆ. ಬೀಗವನ್ನು ನೋಡಿ ಕೈ ಮಾಡಿಸಲು ಸಾಧ್ಯವಿಲ್ಲ, ಅದಕ್ಕೆ ಬೇಕಾಗುವ ಲೆಕ್ಕ ಇಂದಿನ ಯಾವ ಕಂಪ್ಯೂಟರಿಗೂ ಮುಗಿಯುವಂಥದ್ದಲ್ಲ.

ಕೆಲಸ ಮಾಡುವ ರೀತಿಯನ್ನು ನೋಡಿದರೆ ಬ್ಯಾಂಕಿನ ಮಾದರಿ ಸಹಿಗೆ ಇದು ಹೆಚ್ಚು ಹತ್ತಿರ. ಬ್ಯಾಂಕಿನಲ್ಲಿ ನಮ್ಮ ಸಹಿಯ ಕಾರ್ಡ್ ಇರುತ್ತದೆ, ಚೆಕ್ ಬಂದಾಗ ಹೋಲಿಸುತ್ತಾರೆ. ಹಾಗೆಯೇ ನಾವು ಒಳಹೋಗುವಾಗ ಆ ಹೊತ್ತಿಗೆ ಮಾತ್ರ ಸೇರಿದ ಒಂದು ಹೊಸ ಒಕ್ಕಣೆಗೆ ನಮ್ಮ ಕಂಪ್ಯೂಟರು ಬೀಗದ ಕೈಯಿಂದ ಸಹಿ ಹಾಕುತ್ತದೆ. ಸರ್ವರು ತನ್ನಲ್ಲಿರುವ ಬೀಗದ ಜೊತೆ ತಾಳೆ ನೋಡುತ್ತದೆ. ವ್ಯತ್ಯಾಸ ಇಷ್ಟೇ: ಬ್ಯಾಂಕಿನ ಕಾರ್ಡು ನೋಡಿ ಸಹಿ ನಕಲು ಮಾಡುವ ಕಳ್ಳರಿದ್ದಾರೆ, ಇಲ್ಲಿ ಅದು ಆಗದು. ಬೀಗದ ಕೈ ನಮ್ಮ ಕಂಪ್ಯೂಟರನ್ನು ಬಿಟ್ಟು ಹೊರಗೆ ಹೋಗುವುದೇ ಇಲ್ಲ.

ಪಾವಗಡ, ಗೌರಿಬಿದನೂರು, ಮಧುಗಿರಿ ಕಡೆ ಜಮೀನಿರುವ ನಮ್ಮ ಸದಸ್ಯರಿಗೆ ‘ಭೂಮಿ’ ಕೇಂದ್ರಗಳ ಪರಿಚಯವಿದೆ. ಕರ್ನಾಟಕದ 177 ತಾಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಯೋಜನೆ ಅದು. ಆ ಪದ್ಧತಿಯಲ್ಲಿ ನೌಕರರು ಬೆರಳಚ್ಚು ಕೊಟ್ಟು ಒಳಹೋಗುವ ಏರ್ಪಾಡು ಮಾಡಿದರು. ಪಾಸ್‌ವರ್ಡನ್ನು ಪಕ್ಕದವರಿಗೆ ಹೇಳಬಹುದು, ಆಮೇಲೆ ‘ನಾನು ಮಾಡಿಲ್ಲ’ ಎಂದೂ ಹೇಳಬಹುದು. ಬೆರಳಚ್ಚಿನಲ್ಲಿ ಆ ಅವಕಾಶವಿಲ್ಲ. ನಾವು ಪ್ರತಿಯೊಬ್ಬರಿಗೂ ಬೇರೆ ಬೇರೆ ಬೀಗದ ಕೈ ಇರಬೇಕೆಂದು ಹಟ ಹಿಡಿದದ್ದು ಇದೇ ಕಾರಣಕ್ಕೆ. ಸಂಘಕ್ಕೆಲ್ಲ ಸೇರಿ ಒಂದೇ ಇದ್ದರೆ ಯಾರು ಬಂದರು, ಯಾರು ಹೋದರು, ಯಾರು ಅಳಿಸಿದರು ಎಂಬ ಲೆಕ್ಕ ಸಿಗದು.

ಬೀಗದ ಕೈ ಮಾಡಿಕೊಳ್ಳುವುದು

ಆದೇಶಗಳನ್ನು ಫೋನಿನಲ್ಲಿ ಹೇಳಿ ಬರೆಸಿದಂತೆ ಇಲ್ಲಿ ಕನ್ನಡದಲ್ಲಿ ಹೇಳುತ್ತೇವೆ, ತಾವು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ, ಸಣ್ಣಕ್ಷರ ಈ ಯಂತ್ರಗಳಿಗೆ ಬೇರೆ ಬೇರೆ.

ವಿಂಡೋಸಿನಲ್ಲಿ ‘ಪವರ್‌ಶೆಲ್’ ತೆರೆಯಿರಿ. ಎಸ್‌ಎಸ್‌ಎಚ್, ಅಡ್ಡಗೆರೆ, ಕೀಜೆನ್ (ಇಷ್ಟೂ ಒಂದೇ ಪದ), ಸ್ಪೇಸ್, ಅಡ್ಡಗೆರೆ, ಟಿ, ಸ್ಪೇಸ್, ಇಡಿ25519. ಎಂಟರ್. ಕೊನೆಯದು ಕೀಲಿಯ ಬಗೆ, 2014ರಿಂದ ಓಪನ್‌ಎಸ್‌ಎಸ್‌ಎಚ್‌ನಲ್ಲಿದೆ, ಚಿಕ್ಕದು, ಗಟ್ಟಿ. ಎಲ್ಲಿ ಇಡಬೇಕೆಂದು ಕೇಳುತ್ತದೆ, ಎಂಟರ್ ಒತ್ತಿದರೆ ಸಾಕು. ಆಮೇಲೆ ಬೀಗದ ಕೈಗೇ ಒಂದು ಗುಪ್ತ ವಾಕ್ಯ ಕೇಳುತ್ತದೆ. ಇದನ್ನು ಖಾಲಿ ಬಿಡಬೇಡಿ. ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳೆದುಹೋದರೂ ಆ ವಾಕ್ಯ ತಿಳಿಯದೆ ಯಾರಿಗೂ ಉಪಯೋಗವಾಗುವುದಿಲ್ಲ. ಟೈಪ್ ಮಾಡುವಾಗ ಪರದೆಯ ಮೇಲೆ ಏನೂ ಕಾಣಿಸುವುದಿಲ್ಲ, ಚುಕ್ಕಿ ಕೂಡ ಬರುವುದಿಲ್ಲ. ಕೀಬೋರ್ಡ್ ಕೆಟ್ಟಿದೆ ಎಂದು ಇಬ್ಬರು ಸದಸ್ಯರು ನಮಗೆ ಫೋನ್ ಮಾಡಿದ್ದರು. ಕೆಟ್ಟಿಲ್ಲ, ಹಿಂದೆ ನಿಂತವರು ಅಕ್ಷರ ಎಣಿಸದಿರಲಿ ಎಂದು ಹಾಗೆ ಮಾಡಿದ್ದಾರೆ.

ಈಗ ಎರಡು ಕಡತ ಸಿಗುತ್ತವೆ. ಹೆಸರಿನ ಕೊನೆಯಲ್ಲಿ ‘ಡಾಟ್ ಪಬ್’ ಎಂದಿರುವುದು ಬೀಗ. ಅದನ್ನು ವಾಟ್ಸ್ಯಾಪಿನಲ್ಲಿ ಕಳಿಸಿ, ಮುದ್ರಿಸಿ ಗೋಡೆಗೆ ಅಂಟಿಸಿ, ಅಡ್ಡಿಯಿಲ್ಲ. ಬಾಲವಿಲ್ಲದ ಇನ್ನೊಂದು ಬೀಗದ ಕೈ. ಅದನ್ನು ಯಾರಿಗೂ, ಕಾರ್ಯದರ್ಶಿಗೂ, ಕಳಿಸಕೂಡದು. ‘ಸೆಟ್ಟಿಂಗ್ ಮಾಡಿಕೊಡುತ್ತೇವೆ, ಆ ಫೈಲ್ ಕಳಿಸಿ’ ಎಂದು ಸಂಘದ ಹೆಸರಿನಲ್ಲಿ ಯಾರಾದರೂ ಕೇಳಿದರೆ ಅವರು ನಮ್ಮವರಲ್ಲ.

ಬೀಗ ನಮ್ಮ ಕೈ ಸೇರಿದ ಮೇಲೆ ಸರ್ವರಿನಲ್ಲಿ ತಮ್ಮ ಹೆಸರಿನ ಕೆಳಗೆ, ‘ಅನುಮತಿ ಪಡೆದ ಕೀಲಿಗಳು’ ಎಂಬ ಅರ್ಥದ ಕಡತದಲ್ಲಿ ಒಂದು ಸಾಲಾಗಿ ಸೇರಿಸುತ್ತೇವೆ. ಒಬ್ಬರಿಗೆ ಒಂದು ಸಾಲು. ಆ ಕಡತಕ್ಕೆ ಬೇರೆಯವರೂ ಬರೆಯುವಂತೆ ಅನುಮತಿ ಸಡಿಲವಾಗಿದ್ದರೆ ಎಸ್‌ಎಸ್‌ಎಚ್ ಅದನ್ನು ನಂಬುವುದೇ ಇಲ್ಲ, ಬಾಗಿಲು ತೆರೆಯುವುದಿಲ್ಲ. ಕೀಲಿ ಸರಿಯಿದ್ದೂ ಒಳಗೆ ಬಿಡುತ್ತಿಲ್ಲ ಎಂದರೆ ಮೊದಲು ನೋಡಬೇಕಾದದ್ದು ಇದನ್ನು.

ಮೊದಲ ಸಲ ಒಳಹೋಗುವಾಗ

ಎಸ್‌ಎಸ್‌ಎಚ್, ಸ್ಪೇಸ್, ತಮ್ಮ ಬಳಕೆದಾರ ಹೆಸರು, ಆಟ್ ಚಿಹ್ನೆ, ಸರ್ವರಿನ ಹೆಸರು, ಎಂಟರ್. ಮೊದಲ ಸಲ ಒಂದು ಎಚ್ಚರಿಕೆ ಬರುತ್ತದೆ. ಈ ಯಂತ್ರ ನಿಜವಾದದ್ದೇ ಎಂದು ಗೊತ್ತುಮಾಡಲಾಗಿಲ್ಲ, ಇದರ ಬೆರಳಚ್ಚು ಹೀಗಿದೆ, ಮುಂದುವರಿಯಬೇಕೇ ಎಂದು. ಹೆಚ್ಚಿನವರು ಓದದೆ ‘ಯೆಸ್’ ಎಂದು ಬರೆದುಬಿಡುತ್ತಾರೆ. ಇಲ್ಲಿ ಸ್ವಲ್ಪ ನಿಲ್ಲಿ. ಸರ್ವರು ನಮ್ಮನ್ನು ಪರೀಕ್ಷಿಸುವಂತೆ ನಾವೂ ಸರ್ವರನ್ನು ಪರೀಕ್ಷಿಸುವ ಅವಕಾಶ ಇದೊಂದೇ. ನಡುವೆ ಯಾರೋ ಸುಳ್ಳು ಯಂತ್ರ ನಿಲ್ಲಿಸಿದ್ದರೆ ಈ ಹಂತದಲ್ಲೇ ಸಿಕ್ಕಿಬೀಳುತ್ತಾರೆ.

ನಮ್ಮ ಸರ್ವರಿನ ಬೆರಳಚ್ಚು 43 ಅಕ್ಷರಗಳ ಸಾಲು. ಸಂಘದ ನಡಾವಳಿ ಪುಸ್ತಕದ ಒಳರಟ್ಟಿಗೆ ಅದನ್ನು ಮುದ್ರಿಸಿ ಅಂಟಿಸಿದ್ದೇವೆ, ಕಲ್ಯಾಣದುರ್ಗದ ಘಟಕದ ಪುಸ್ತಕದಲ್ಲೂ ಅಂಟಿಸಿದೆ. ಅದನ್ನು ನೋಡಿ ತಾಳೆ ಮಾಡಿ. ‘ಯೆಸ್’ ಬದಲು ಆ ಬೆರಳಚ್ಚನ್ನೇ ಟೈಪ್ ಮಾಡಿದರೆ ಕಂಪ್ಯೂಟರೇ ಹೋಲಿಸಿ ನೋಡುತ್ತದೆ. ಕಣ್ಣು ಮಂಜಾದವರಿಗೆ ಇದು ಒಳ್ಳೆಯದು.

ಒಮ್ಮೆ ಒಪ್ಪಿದ ಮೇಲೆ ತಮ್ಮ ಕಂಪ್ಯೂಟರು ಅದನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದೆ ಎಂದಾದರೂ ಬೆರಳಚ್ಚು ಬದಲಾಗಿದೆ ಎಂದು ದೊಡ್ಡಕ್ಷರಗಳಲ್ಲಿ ಎಚ್ಚರಿಕೆ ಬಂದರೆ ಅಲ್ಲಿಗೇ ನಿಲ್ಲಿಸಿ ಫೋನ್ ಮಾಡಿ. ನಾವು ಸರ್ವರನ್ನು ಹೊಸದಾಗಿ ಕಟ್ಟಿದ್ದರೆ ಮುಂಚೆಯೇ ಈ ಪುಟದಲ್ಲಿ ತಿಳಿಸಿರುತ್ತೇವೆ. ತಿಳಿಸದೆ ಬದಲಾಗಿದ್ದರೆ ಕಾರಣ ಹುಡುಕಬೇಕು. ಇಂಟರ್‌ನೆಟ್ಟಿನಲ್ಲಿ ನೋಡಿ, ಹಳೆಯ ಬೆರಳಚ್ಚು ಅಳಿಸಿ ಮುಂದೆ ಹೋಗುವುದು ಸುಲಭ. ಸುಲಭವೆಂದೇ ಅಪಾಯ.

ಒಳಗೆ ಹೋದ ಮೇಲೆ

ಮೊದಲು ನೋಡುವುದು, ಆಮೇಲೆ ಮುಟ್ಟುವುದು. ಡಿಸ್ಕಿನಲ್ಲಿ ಜಾಗ ಎಷ್ಟಿದೆ, ಯಂತ್ರ ಎಷ್ಟು ದಿನದಿಂದ ಓಡುತ್ತಿದೆ, ಬೇರೆ ಯಾರು ಒಳಗಿದ್ದಾರೆ, ಈ ಮೂರನ್ನು ಕೇಳುವ ಆದೇಶಗಳು ಎರಡೆರಡು ಅಕ್ಷರದಿಂದ ಆರು ಅಕ್ಷರದವು, ತರಬೇತಿಯಲ್ಲಿ ಹೇಳಿಕೊಡುತ್ತೇವೆ. ಅಳಿಸುವ ಆದೇಶಕ್ಕೆ ಮಾತ್ರ ಹೆದರಿರಿ. ಇಲ್ಲಿ ಕಸದ ಬುಟ್ಟಿ ಇಲ್ಲ, ಹೋದದ್ದು ಹೋಯಿತು.

ಲಾಗ್ ಪುಸ್ತಕದ ಗಂಟೆ ನೋಡಿ ಗಾಬರಿ ಬೇಡ. ನಮ್ಮ ಸರ್ವರ್ ಅಂತರರಾಷ್ಟ್ರೀಯ ಸಮಯದಲ್ಲಿ ಬರೆಯುತ್ತದೆ, ಅದಕ್ಕೆ ಐದೂವರೆ ಗಂಟೆ ಸೇರಿಸಬೇಕು. ರಾತ್ರಿ 21.30 ಎಂದಿದ್ದರೆ ಅದು ನಮ್ಮ ಬೆಳಗಿನ ಜಾವ 3 ಗಂಟೆ. ಆ ಹೊತ್ತಿಗೆ ಸರ್ವರಿನ ಎಲ್ಲ ಕಡತಗಳ ಪ್ರತಿ ಎಸ್‌ಎಸ್‌ಎಚ್ ಮೂಲಕವೇ ಹಿಂದೂಪುರದ ಒಂದು ಹಳೆಯ ಲ್ಯಾಪ್‌ಟಾಪಿಗೆ ಇಳಿಯುತ್ತದೆ. ಬದಲಾದದ್ದು ಮಾತ್ರ ಇಳಿಯುವುದರಿಂದ ಬೇಗ ಮುಗಿಯುತ್ತದೆ.

ಸಂಪರ್ಕ ನಡುವೆ ಕಡಿದುಹೋಗುವುದು ನಮ್ಮಲ್ಲಿ ಸಾಮಾನ್ಯ. ಸರ್ವರನ್ನು ಹೊಸ ಆವೃತ್ತಿಗೆ ಏರಿಸುವಾಗ ಕಡಿದರೆ ಅರ್ಧಂಬರ್ಧ ನಿಂತು ತೊಂದರೆಯಾಗಬಹುದು. ಇದಕ್ಕೆ ‘ಟಿಮಕ್ಸ್’ ಎಂಬ ಸಾಧನ ಇದೆ. ಒಳಗೆ ಹೋದ ಕೂಡಲೇ ಅದನ್ನು ಶುರುಮಾಡಿ, ಅದರೊಳಗೆ ಕೆಲಸ ಮಾಡಿ. ಇಲ್ಲಿ ಕರೆಂಟು ಹೋದರೂ ಅಲ್ಲಿ ಕೆಲಸ ನಡೆಯುತ್ತಲೇ ಇರುತ್ತದೆ, ಮತ್ತೆ ಬಂದು ಬಿಟ್ಟ ಸಾಲಿನಿಂದ ಹಿಡಿಯಬಹುದು. ತೀರಾ ಹದಗೆಟ್ಟ ನೆಟ್‌ವರ್ಕಿನವರಿಗೆ ‘ಮೋಶ್’ ಎಂಬ ಇನ್ನೊಂದಿದೆ, ಬಸ್ಸಿನಲ್ಲಿ ಹೋಗುತ್ತಾ ಟವರ್ ಬದಲಾದರೂ ಅದು ಕೈಬಿಡುವುದಿಲ್ಲ.

ಎಸ್‌ಎಸ್‌ಎಚ್‌ನ ಸೆಟ್ಟಿಂಗನ್ನೇ ಬದಲಿಸುವ ಕೆಲಸ ಬಂದರೆ, ಕೊಂಬೆಯ ಮೇಲೆ ಕುಳಿತು ಕೊಂಬೆ ಕಡಿಯುವ ಕೆಲಸ ಅದು. ತಪ್ಪಾದರೆ ನಮ್ಮನ್ನೇ ಹೊರಗೆ ಹಾಕಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಬದಲಿಸಿದ ಮೇಲೆ ಆ ಕಡತವನ್ನು ಪರೀಕ್ಷಿಸುವ ಆದೇಶ ಇದೆ, ಅದನ್ನು ಓಡಿಸಬೇಕು. ಸೇವೆಯನ್ನು ಮರುಚಾಲನೆ ಮಾಡಿದರೂ ಈಗಾಗಲೇ ತೆರೆದ ಕಿಟಕಿ ಮುಚ್ಚುವುದಿಲ್ಲ. ಆದ್ದರಿಂದ ಹಳೆಯ ಕಿಟಕಿ ಹಾಗೆಯೇ ಇಟ್ಟುಕೊಂಡು, ಇನ್ನೊಂದು ಕಿಟಕಿಯಿಂದ ಒಳಬಂದು ನೋಡಿ, ಬಂದರೆ ಮಾತ್ರ ಹಳೆಯದನ್ನು ಮುಚ್ಚಬೇಕು.

ವಾಟ್ಸ್ಯಾಪಿನಲ್ಲೋ ವರ್ಡ್ ಕಡತದಲ್ಲೋ ಬಂದ ಆದೇಶವನ್ನು ನಕಲಿಸಿ ಅಂಟಿಸಬೇಡಿ. ವರ್ಡ್‌ನಂಥ ಪ್ರೋಗ್ರಾಂಗಳು ಎರಡು ಅಡ್ಡಗೆರೆಗಳನ್ನು ಒಂದು ಉದ್ದ ಗೆರೆಯಾಗಿ, ನೇರ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿ ತಾವೇ ಚಂದ ಮಾಡಿಬಿಡುತ್ತವೆ. ನಮ್ಮ ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ.

ಕಪ್ಪು ಪರದೆಯಲ್ಲಿ ಕನ್ನಡ

ಇಂಗ್ಲಿಷಿನ ಪುಸ್ತಕಗಳಲ್ಲಿ ಸಿಗದ ವಿಷಯ ಇದು, ಹಾಗಾಗಿ ಸ್ವಲ್ಪ ವಿವರವಾಗಿ.

ಕಪ್ಪು ಪರದೆಯಲ್ಲಿ ಕನ್ನಡ ಕಡತ ತೆರೆದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ, ಗುಣಿತದ ಚಿಹ್ನೆ ಪಕ್ಕಕ್ಕೆ ಸರಿದು, ಕೆಲವೊಮ್ಮೆ ಒಂದರ ಮೇಲೊಂದು ಬಿದ್ದಂತೆ ಕಾಣುತ್ತದೆ. ಕಡತ ಕೆಟ್ಟಿದೆ ಎಂದುಕೊಂಡು ‘ಸರಿಪಡಿಸಲು’ ಹೋಗಬೇಡಿ. ಈ ಪರದೆಗಳು ಒಂದು ಅಕ್ಷರಕ್ಕೆ ಒಂದು ಚೌಕ ಎಂಬ ಲೆಕ್ಕದ ಮೇಲೆ ಕಟ್ಟಿದವು, ಇಂಗ್ಲಿಷಿಗೆ ಅದು ಸಾಕು. ಕನ್ನಡದಲ್ಲಿ ‘ಸ್ತ್ರೀ’ ಎಂಬ ಒಂದು ಅಕ್ಷರ ಯೂನಿಕೋಡಿನಲ್ಲಿ ಆರು ಸಂಕೇತಗಳ ಸರಣಿ: ಸ, ವಿರಾಮ ಚಿಹ್ನೆ, ತ, ಮತ್ತೆ ವಿರಾಮ, ರ, ಕೊನೆಗೆ ಈ ಕಾರದ ಚಿಹ್ನೆ. ಇವನ್ನು ಕೂಡಿಸಿ ಒಂದೇ ರೂಪ ಬರೆಯುವ ಚಾತುರ್ಯ ಬ್ರೌಸರಿಗಿದೆ, ಹೆಚ್ಚಿನ ಕಪ್ಪು ಪರದೆಗಳಿಗಿಲ್ಲ. ಅದೇ ಕಡತವನ್ನು ಬ್ರೌಸರಿನಲ್ಲಿ ನೋಡಿದರೆ ಚೆನ್ನಾಗಿಯೇ ಇರುತ್ತದೆ. ನಾವು ಸೂಚನೆಗಳನ್ನು ಊರಿನ ಕಂಪ್ಯೂಟರಿನಲ್ಲೇ ಟೈಪ್ ಮಾಡಿ, ತಿದ್ದಿ, ಆಮೇಲೆ ಎಸ್‌ಎಸ್‌ಎಚ್ ಮೂಲಕ ಕಳಿಸುವುದು ಇದಕ್ಕಾಗಿ.

ಕಡತದ ಹೆಸರನ್ನು ಕನ್ನಡದಲ್ಲಿ ಇಡಬಹುದೇ? ಇಡಬಹುದು, ಆದರೆ ಲೆಕ್ಕ ನೆನಪಿರಲಿ. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ‘ಹಿಂದೂಪುರ’ ಎಂದರೆ ಎಂಟು ಸಂಕೇತ, 24 ಬೈಟ್. ‘ಕಲ್ಯಾಣದುರ್ಗ’ ಎಂದರೆ ಹನ್ನೊಂದು ಸಂಕೇತ, 33 ಬೈಟ್. ಲಿನಕ್ಸಿನಲ್ಲಿ ಒಂದು ಕಡತದ ಹೆಸರಿಗೆ 255 ಬೈಟ್ ಮಿತಿ. ಅಂದರೆ ಕನ್ನಡದಲ್ಲಿ 85 ಸಂಕೇತ. ನಮ್ಮ ಆಹ್ವಾನ ಪತ್ರಿಕೆಗಳ ತಲೆಬರಹವನ್ನೇ ಹೆಸರಾಗಿ ಇಟ್ಟರೆ ಅರ್ಧ ದಾರಿಯಲ್ಲೇ ಮುಗಿದುಹೋಗುತ್ತದೆ! ಕಡತದ ಹೆಸರು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ, ನಡುವೆ ಸ್ಪೇಸ್ ಇಲ್ಲದೆ, ಮುಂದೆ ವರ್ಷ ಹಾಕಿ ಇಡುವುದು ನಮ್ಮ ಈಗಿನ ಪದ್ಧತಿ. ಒಳಗಿನ ಬರಹ ಎಷ್ಟು ಬೇಕಾದರೂ ಕನ್ನಡದಲ್ಲಿರಲಿ.

ಇನ್ನು ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಕಡತಗಳು. ಅವು ಸರ್ವರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಅಲ್ಲೂ ಕಡತ ಕೆಟ್ಟಿಲ್ಲ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಚಿತ್ರಿಸಿ ಕೆಲಸ ಸಾಗಿಸುತ್ತಿದ್ದವು. ಫಾಂಟ್ ಇಲ್ಲದ ಕಡೆ ಕನ್ನಡವೂ ಇಲ್ಲ. ಆ ತಂತ್ರಾಂಶಗಳ ಪರಿವರ್ತಕದಿಂದಲೇ ಯೂನಿಕೋಡಿಗೆ ಬದಲಿಸಿ ಆಮೇಲೆ ಏರಿಸಬೇಕು. ನಮ್ಮಲ್ಲಿ ಇಂಥವು ಇನ್ನೂ ಬಹಳಷ್ಟು ಬಾಕಿ ಇವೆ, ಕೈಜೋಡಿಸುವವರು ಬೇಕು.

ಬಾಗಿಲು ತಟ್ಟುವವರು

ನಮ್ಮ ಸಣ್ಣ ಸಂಘದ ಸರ್ವರಿಗೆ ಯಾರು ಕಣ್ಣು ಹಾಕುತ್ತಾರೆ ಎಂದು ಕೇಳುವವರಿಗೆ ಲಾಗ್ ಪುಸ್ತಕ ತೋರಿಸುತ್ತೇವೆ. ಹಗಲೂ ರಾತ್ರಿಯೂ ಯಾವ್ಯಾವುದೋ ದೇಶದ ವಿಳಾಸಗಳಿಂದ ‘ರೂಟ್’, ‘ಅಡ್ಮಿನ್’, ‘ಟೆಸ್ಟ್’ ಎಂಬ ಹೆಸರುಗಳಲ್ಲಿ ಬಾಗಿಲು ತಟ್ಟಿರುತ್ತಾರೆ. ಮನುಷ್ಯರಲ್ಲ, ಯಂತ್ರಗಳು. ನಮ್ಮ ಹೆಸರು ಅವಕ್ಕೆ ಗೊತ್ತಿಲ್ಲ, ಎಲ್ಲ ವಿಳಾಸಗಳನ್ನೂ ಸಾಲಾಗಿ ತಟ್ಟುತ್ತಾ ಹೋಗುತ್ತವೆ. ಪಾಸ್‌ವರ್ಡ್ ಮುಚ್ಚಿರುವುದರಿಂದ ಊಹಿಸಲು ಅವಕ್ಕೆ ಏನೂ ಇಲ್ಲ. ‘ರೂಟ್’ ಎಂಬ ಸರ್ವಾಧಿಕಾರಿ ಹೆಸರಿನಲ್ಲಿ ನೇರ ಪ್ರವೇಶವನ್ನೂ ನಿಲ್ಲಿಸಿದ್ದೇವೆ. ಬಾಗಿಲಿನ ಸಂಖ್ಯೆ 22ರಿಂದ ಬದಲಿಸಿ ಎಂದು ಕೆಲವರ ಸಲಹೆ. ತಟ್ಟುವ ಸದ್ದು ಕಡಿಮೆಯಾಗುತ್ತದೆ, ರಕ್ಷಣೆ ಹೆಚ್ಚುವುದಿಲ್ಲ. ಹಾಗಾಗಿ ಬದಲಿಸಿಲ್ಲ.

ಅನುಮತಿ ಇಲ್ಲದೆ ಬೇರೆಯವರ ಯಂತ್ರದೊಳಗೆ ಹೋಗುವುದು ನಮ್ಮ ದೇಶದಲ್ಲಿ ಅಪರಾಧ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳಡಿ ಮೂರು ವರ್ಷದವರೆಗೆ ಸೆರೆವಾಸ, ಐದು ಲಕ್ಷದವರೆಗೆ ದಂಡ ಇದೆ. ಕಲಿಯುವ ಉತ್ಸಾಹದ ಹುಡುಗರು ಇದನ್ನು ಗಮನಿಸತಕ್ಕದ್ದು.

2024ರ ಮಾರ್ಚಿನಲ್ಲಿ ನಡೆದ ಒಂದು ಸಂಗತಿಯನ್ನು ಮಾತ್ರ ಹೇಳಲೇಬೇಕು. ಆಂಡ್ರೆಸ್ ಫ್ರೂಂಡ್ ಎಂಬ ಎಂಜಿನಿಯರಿಗೆ ತಮ್ಮ ಪರೀಕ್ಷಾ ಯಂತ್ರದಲ್ಲಿ ಎಸ್‌ಎಸ್‌ಎಚ್ ಪ್ರವೇಶ ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿತು. ಬೆನ್ನುಹತ್ತಿ ಹೋದರೆ, ‘ಎಕ್ಸ್‌ಜೆಡ್’ ಎಂಬ ಕಡತ ಕುಗ್ಗಿಸುವ ಉಚಿತ ತಂತ್ರಾಂಶದೊಳಗೆ ಯಾರೋ ಗುಪ್ತ ಬಾಗಿಲು ಇಟ್ಟಿದ್ದರು. ಕೆಲವು ಲಿನಕ್ಸ್‌ಗಳಲ್ಲಿ ಎಸ್‌ಎಸ್‌ಎಚ್ ಅದನ್ನು ಸುತ್ತುದಾರಿಯಲ್ಲಿ ಬಳಸುತ್ತದೆ. ಆ ತಂತ್ರಾಂಶವನ್ನು ವರ್ಷಗಳಿಂದ ಒಬ್ಬರೇ, ಸಂಬಳವಿಲ್ಲದೆ, ದಣಿದು ನೋಡಿಕೊಳ್ಳುತ್ತಿದ್ದರು. ಸಹಾಯ ಮಾಡುತ್ತೇನೆಂದು ಬಂದ ಅಪರಿಚಿತ ಎರಡು ವರ್ಷಕ್ಕೂ ಹೆಚ್ಚು ಕಾಲ ನಿಷ್ಠೆಯಿಂದ ಕೆಲಸ ಮಾಡಿ ನಂಬಿಕೆ ಗಳಿಸಿ, ಕೊನೆಗೆ ಈ ಕೆಲಸ ಮಾಡಿದ್ದ. ಹೆಚ್ಚು ಹರಡುವ ಮೊದಲೇ ಸಿಕ್ಕಿಬಿದ್ದದ್ದು ಅದೃಷ್ಟ. ಜಗತ್ತಿನ ಅಷ್ಟು ಸರ್ವರುಗಳ ಭಾರ ಒಬ್ಬ ದಣಿದ ಮನುಷ್ಯನ ಹೆಗಲ ಮೇಲಿತ್ತು ಎಂಬುದನ್ನು ಓದಿದಾಗ ನಮಗೆ ನೆನಪಾದದ್ದು ಗಡಿಭಾಗದ ಸಂಘಗಳು.

ಬೀಗದ ಕೈಗಳ ರಿಜಿಸ್ಟರ್

ಊರಿನ ಯಾವನೋ ಓದಿದ ಹುಡುಗ ಉತ್ಸಾಹದಿಂದ ಪುಟ ಮಾಡಿಕೊಡುತ್ತಾನೆ. ಸರ್ವರ್ ಅವನ ಹೆಸರಿನಲ್ಲಿ, ಬಾಡಿಗೆ ಅವನ ಕಾರ್ಡಿನಿಂದ, ಒಟಿಪಿ ಅವನ ಫೋನಿಗೆ. ಅವನಿಗೆ ಕೆಲಸ ಸಿಕ್ಕಿ ಊರು ಬಿಡುತ್ತಾನೆ, ನಂಬರ್ ಬದಲಾಗುತ್ತದೆ. ಅವನ ತಪ್ಪೇನೂ ಇಲ್ಲ. ಒಂದು ದಿನ ಬಾಡಿಗೆ ಕಟ್ಟದೆ ಪುಟ ನಿಲ್ಲುತ್ತದೆ, ಕೆಲವು ವಾರಗಳಲ್ಲಿ ಒಳಗಿದ್ದದ್ದೂ ಅಳಿಸಿಹೋಗುತ್ತದೆ. ಬೀಗದ ಕೈ ಇದ್ದವರಿಗೂ ಆಮೇಲೆ ಪ್ರಯೋಜನವಿಲ್ಲ, ಏಕೆಂದರೆ ಮನೆಯೇ ಇಲ್ಲ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಒಪ್ಪಿಗೆ ಪಡೆದು ನಾವು ಕಚೇರಿಯ ಹಳೆಯ ಪದ್ಧತಿಯನ್ನೇ ತಂದಿದ್ದೇವೆ. ಒಂದು ರಟ್ಟಿನ ರಿಜಿಸ್ಟರ್. ಅದರಲ್ಲಿ ಬೀಗದ ಕೈ ಹೊಂದಿದವರ ಹೆಸರು, ಕೊಟ್ಟ ದಿನಾಂಕ, ಅವರ ಕೀಲಿಯ ಬೆರಳಚ್ಚು, ಸಹಿ, ಹಿಂಪಡೆದರೆ ಆ ದಿನಾಂಕ. ಈಗ ಹಿಂದೂಪುರದಲ್ಲಿ ಇಬ್ಬರು, ಕಲ್ಯಾಣದುರ್ಗದಲ್ಲಿ ಒಬ್ಬರು, ಬೆಂಗಳೂರಿನಲ್ಲಿರುವ ನಮ್ಮೂರಿನವರೇ ಆದ ಒಬ್ಬರು, ಒಟ್ಟು ನಾಲ್ವರು. ಯಾರಾದರೂ ಹೊರಟರೆ ಸರ್ವರಿನಲ್ಲಿ ಅವರ ಒಂದು ಸಾಲು ಅಳಿಸಿದರಾಯಿತು, ಉಳಿದವರ ಬೀಗದ ಕೈ ಬದಲಿಸಬೇಕಿಲ್ಲ. ಅಳಿಸಿದ ದಿನವೇ ರಿಜಿಸ್ಟರಿನಲ್ಲಿ ಷರಾ ಬರೆಯುತ್ತೇವೆ. ಇದರಲ್ಲಿ ಅಪನಂಬಿಕೆಯ ಮಾತಿಲ್ಲ, ಚಾರ್ಜ್ ವಹಿಸಿಕೊಡದೆ ಯಾವ ಗುಮಾಸ್ತನೂ ನಿವೃತ್ತನಾಗುವುದಿಲ್ಲ.

ಸರ್ವರಿನ ಬಾಡಿಗೆ ಖಾತೆ ಮತ್ತು ಪುಟದ ಹೆಸರಿನ ನೋಂದಣಿಯನ್ನು ಸಂಘದ ಹೆಸರಿಗೆ, ಸಂಘದ್ದೇ ಇ-ಮೇಲ್ ಮತ್ತು ಸಂಘದ್ದೇ ಸಿಮ್ ಕಾರ್ಡಿಗೆ ಬದಲಿಸಿದ್ದೇವೆ. ಆ ಖಾತೆಯ ಪಾಸ್‌ವರ್ಡು ಹಾಗೂ ಮರುಪ್ರವೇಶದ ಸಂಕೇತಗಳು ಅರಗಿನ ಮೊಹರು ಹಾಕಿದ ಎರಡು ಲಕೋಟೆಗಳಲ್ಲಿ, ಒಂದು ಅಧ್ಯಕ್ಷರ ಬಳಿ, ಇನ್ನೊಂದು ಕಲ್ಯಾಣದುರ್ಗದ ಖಜಾಂಚಿಯವರ ಬಳಿ ಇವೆ. ನವೀಕರಣದ ದಿನಾಂಕವನ್ನು ಸಂಘದ ಕ್ಯಾಲೆಂಡರಿನಲ್ಲಿ ರಾಜ್ಯೋತ್ಸವದ ಪಕ್ಕದಲ್ಲೇ ಗುರುತು ಮಾಡಿದ್ದೇವೆ, ಆ ಪುಟವನ್ನು ಎಲ್ಲರೂ ನೋಡುತ್ತಾರಲ್ಲ!

ನಾಲ್ವರು ಸಾಲದು. ಕಲ್ಯಾಣದುರ್ಗದಿಂದ ಇನ್ನೊಬ್ಬರು, ಮಡಕಶಿರಾ ಮತ್ತು ರಾಯದುರ್ಗದಿಂದ ಒಬ್ಬೊಬ್ಬರು ಬೇಕಾಗಿದ್ದಾರೆ. ಇಂಜಿನಿಯರಿಂಗ್ ಓದಿರಬೇಕೆಂದಿಲ್ಲ, ಇಂಗ್ಲಿಷ್ ಅಕ್ಷರ ಟೈಪ್ ಮಾಡಲು ಬಂದು, ತಾಳ್ಮೆಯಿದ್ದರೆ ಸಾಕು. ಹೆಣ್ಣುಮಕ್ಕಳು, ನಿವೃತ್ತರು ಮುಂದೆ ಬಂದರೆ ಹೆಚ್ಚು ಸಂತೋಷ, ಏಕೆಂದರೆ ಅವರು ಊರಿನಲ್ಲೇ ಇರುತ್ತಾರೆ. ತರಬೇತಿ ಪ್ರತಿ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ 10.30ಕ್ಕೆ ಹಿಂದೂಪುರದಲ್ಲಿ, ನಾಲ್ಕನೇ ಭಾನುವಾರ ಅದೇ ಹೊತ್ತಿಗೆ ಕಲ್ಯಾಣದುರ್ಗದಲ್ಲಿ. ಸ್ಥಳವನ್ನು ಕಾರ್ಯಕ್ರಮಗಳ ಪಟ್ಟಿಯಲ್ಲಿ ನೋಡಿ. ಲ್ಯಾಪ್‌ಟಾಪ್ ಇದ್ದವರು ತನ್ನಿ, ಇಲ್ಲದವರಿಗೆ ಸಂಘದ್ದೇ ಒಂದಿದೆ. ಬೀಗದ ಕಡತವನ್ನು, ಅಂದರೆ ‘ಡಾಟ್ ಪಬ್’ ಇರುವುದನ್ನು, ಮುಂಚಿತವಾಗಿ ಕಳಿಸಿದರೆ ಅಂದೇ ಒಳಗೆ ಕರೆದೊಯ್ಯುತ್ತೇವೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ